ಹಳೆಯ ಯೆಜ್ಡಿಗೆ ಹಿತವಾದ ವೇಗ ಯಾವುದು?

ಪ್ರಶ್ನೆ: ತಂದೆಯವರ 1984ರ ಯೆಜ್ಡಿ 250 ಬೈಕ್ ಹಲವು ವರ್ಷ ಕೊಟ್ಟಿಗೆಯಲ್ಲಿ ನಿಂತಿತ್ತು. ಕಳೆದ ತಿಂಗಳು ಮತ್ತೆ ರಸ್ತೆಗೆ ಇಳಿಸಿದ್ದೇನೆ. ಗಂಟೆಗೆ 55 ಕಿ.ಮೀ.ವರೆಗೆ ಹಾಯಾಗಿ ಓಡುತ್ತದೆ. 70 ದಾಟಿದರೆ ಹ್ಯಾಂಡಲ್ ನಡುಗುತ್ತದೆ. ಮೊನ್ನೆ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಎಂಜಿನ್ ಕ್ಷಣಕಾಲ ಹಿಡಿದುಕೊಂಡು ಹಿಂದಿನ ಚಕ್ರ ಜಾರಿತು. ಎಷ್ಟು ವೇಗದಲ್ಲಿ ಓಡಿಸಬೇಕು?
– ಓದುಗರೊಬ್ಬರು, ಸುಳ್ಯ

ಉತ್ತರ: ವೇಗದ ಮಾತು ಆಮೇಲೆ, ಘಾಟಿಯಲ್ಲಿ ಆದದ್ದು ಅದಕ್ಕಿಂತ ಗಂಭೀರ. ನಿಮ್ಮದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ನಿಗೂ ಕ್ರ್ಯಾಂಕ್ ಬೇರಿಂಗಿಗೂ ಎಣ್ಣೆ ತಲುಪುವುದು ಪೆಟ್ರೋಲಿನ ಜೊತೆಗೇ. ಇಳಿಜಾರಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಚಕ್ರವೇ ಎಂಜಿನ್ ಅನ್ನು ಜೋರಾಗಿ ತಿರುಗಿಸುತ್ತದೆ, ಒಳಗೆ ಹೋಗುವ ಪೆಟ್ರೋಲ್ ಮಾತ್ರ ತೊಟ್ಟು ತೊಟ್ಟು. ನಿಮಿಷಕ್ಕೆ 4,500 ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ 75 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಎಣ್ಣೆಯಿಲ್ಲದೆ ಎಷ್ಟು ಹೊತ್ತು ತಾಳೀತು? ಘಾಟಿಯಲ್ಲಿ ನಿಧಾನವಾಗಿ ಇಳಿಯಿರಿ, ಬ್ರೇಕ್ ಬಳಸಿ, ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರ್ ತುಸು ತಿರುವಿ ಬಿಡಿ. ನ್ಯೂಟ್ರಲ್‌ನಲ್ಲಿ ಮಾತ್ರ ಇಳಿಯಬೇಡಿ. ಎರಡು ಬೆರಳು ಸದಾ ಕ್ಲಚ್ ಮೇಲಿರಲಿ: ಸದ್ದು ಬಿಗಿಯಾಗಿ, ಗಾಡಿ ತಾನಾಗಿಯೇ ಜಗ್ಗತೊಡಗಿದರೆ ಆ ಕ್ಷಣವೇ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸಿ. ಪೂರ್ತಿ ತಣಿಯುವವರೆಗೆ ಕಿಕ್ ಹೊಡೆಯಬೇಡಿ.

ಹಲವು ವರ್ಷ ನಿಂತ ಗಾಡಿ ಎಂದಿದ್ದೀರಿ. ಹಾಗಾದರೆ ಕ್ರ್ಯಾಂಕಿನ ರಬ್ಬರ್ ಸೀಲುಗಳ ಮೇಲೆ ನನಗೆ ಅನುಮಾನ. ಅವು ಒಣಗಿ ಗಟ್ಟಿಯಾದರೆ ಪಕ್ಕದಿಂದ ಗಾಳಿ ಎಳೆದುಕೊಂಡು ಎಂಜಿನ್ ವಿಪರೀತ ಕಾಯುತ್ತದೆ. ಬಿಸಿಯಾದ ಮೇಲೆ ಸ್ಟ್ಯಾಂಡ್ ಹಾಕಿ, ಆಕ್ಸಿಲರೇಟರ್ ತಿರುವಿ ಬಿಟ್ಟು ನೋಡಿ. ಸದ್ದು ಥಟ್ಟನೆ ಇಳಿಯಬೇಕು. ಕೇಬಲ್ ಸಲೀಸಾಗಿದ್ದೂ ಸದ್ದು ಮೇಲೆಯೇ ತೇಲುತ್ತಿದ್ದರೆ ಗಾಳಿ ಸೋರುತ್ತಿದೆ. ಪ್ಲಗ್ ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಕ್ಷೇಮ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಅಪಾಯ.

ಇನ್ನು ವೇಗ. ಆಕ್ಸಿಲರೇಟರ್ ಮೂರನೆಯ ಒಂದು ಭಾಗದಷ್ಟೇ ತೆರೆದು ಗಾಡಿ ಎಲ್ಲಿ ಸಮನಾಗಿ ಓಡುತ್ತದೋ ಅದೇ ಅದರ ಹಿತವಾದ ವೇಗ. ಸ್ಥಿತಿ ಚೆನ್ನಾಗಿರುವ ಯೆಜ್ಡಿಗೆ ಸಮತಟ್ಟಿನಲ್ಲಿ 55ರಿಂದ 65 ಎಂದು ನಾನು ಹೇಳುತ್ತೇನೆ. ಅದಕ್ಕೂ ಮೇಲೆ ಹೋಗುತ್ತದೆ, ಸಂಶಯವಿಲ್ಲ. ಗಂಟೆಗಟ್ಟಲೆ ಅಲ್ಲೇ ಹಿಡಿದಿಡಬೇಡಿ. 70ರ ನಡುಕ ಒಂಟಿ ಸಿಲಿಂಡರಿನ ಸಹಜ ಗುಣವೂ ಇರಬಹುದು. ಆದರೂ ಎಂಜಿನ್ ಕೂರಿಸಿದ ಬೋಲ್ಟುಗಳನ್ನು ಬಿಗಿಮಾಡಿಸಿ ನೋಡಿ. ಕಡಿಮೆ ಆಕ್ಸಿಲರೇಟರಿನಲ್ಲಿ ಎಂಜಿನ್ ಬಿಟ್ಟು ಬಿಟ್ಟು ಹೊಡೆದುಕೊಂಡರೆ ಹೆದರಬೇಡಿ, ಏರು ಸಿಕ್ಕಿದೊಡನೆ ಅದು ಸರಿಹೋಗುತ್ತದೆ.

ಎಣ್ಣೆಯಲ್ಲಿ ಉಳಿತಾಯ ಬೇಡ. ನಾನು ಲೀಟರಿಗೆ 40 ಮಿಲಿ ಒಳ್ಳೆಯ 2ಟಿ (ಟೂ ಸ್ಟ್ರೋಕ್) ಎಣ್ಣೆಯನ್ನು ಬೆರೆಸಿಯೇ ಟ್ಯಾಂಕಿಗೆ ಹಾಕುತ್ತೇನೆ. ಹೊಗೆ ತುಸು ಹೆಚ್ಚಿದರೆ ಸೈಲೆನ್ಸರಿನ ಒಳಕೊಳವೆ ತೆಗೆದು ಕರಿ ಕೆರೆಸಿದರಾಯಿತು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿದೆ. ತಂದೆಯವರ ಗಾಡಿಯ ಮೂಲ ಸಿಲಿಂಡರ್ ಗೀರುಬಿದ್ದರೆ ಅಂಥದ್ದೇ ಇನ್ನೊಂದನ್ನು ಹುಡುಕುವುದು ಕಷ್ಟ. ಒಮ್ಮೆ ಹಿಡಿದುಕೊಂಡ ಎಂಜಿನ್ ಆದ್ದರಿಂದ ಮುಂದಿನ ಸವಾರಿಗೆ ಮೊದಲು ಸಿಲಿಂಡರ್ ಬಿಚ್ಚಿಸಿ, ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈಯನ್ನು ನೀವೇ ಬೆಳಕಿಗೆ ಹಿಡಿದು ಗೀರುಬಿದ್ದಿದೆಯೇ ನೋಡಿ.