ಪರದೆಯ ಮೇಲೆ ಹಸಿರು ಗೆರೆ: ಹೊಣೆ ಯಾರದು?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಸಣ್ಣ ಅಂಗಡಿಯಿದೆ. ಹದಿನಾಲ್ಕು ತಿಂಗಳ ಹಿಂದೆ 32,000 ರೂಪಾಯಿ ಕೊಟ್ಟು ಕೊಂಡ ಮೊಬೈಲ್ ಒಮ್ಮೆಯೂ ಕೈಜಾರಿ ಬಿದ್ದಿಲ್ಲ, ನೀರು ಸೋಕಿಲ್ಲ. ಕಳೆದ ತಿಂಗಳು ರಾತ್ರಿ ಅಪ್‌ಡೇಟ್ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಪರದೆಯ ಮೇಲಿಂದ ಕೆಳಗಿನವರೆಗೆ ಹಸಿರು ಗೆರೆ. ವಾರಂಟಿ ಮುಗಿದಿದೆ, ಡಿಸ್‌ಪ್ಲೇ ಬದಲಿಸಲು 11,000 ರೂಪಾಯಿ ಆಗುತ್ತದೆ ಎಂದು ಸರ್ವಿಸ್ ಸೆಂಟರಿನವರು ಹೇಳುತ್ತಾರೆ. ಅವರ ಅಪ್‌ಡೇಟ್‌ನಿಂದ ಆದ ಹಾನಿಗೆ ನಾನೇಕೆ ಹಣ ತೆರಬೇಕು? ಕಂಪನಿಯ ಕಚೇರಿ ಬೇರೆ ರಾಜ್ಯದಲ್ಲಿದೆ, ಇಲ್ಲಿಂದಲೇ ದೂರು ಕೊಡಬಹುದೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಗೆರೆ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಮೊಬೈಲಿಗೆ ಕಳುಹಿಸಿ ನೋಡಿ. ಅಲ್ಲಿ ಗೆರೆ ಕಾಣದಿದ್ದರೆ, ಮತ್ತು ನಿಮ್ಮ ಮೊಬೈಲನ್ನು ಆಫ್ ಮಾಡಿ ಆನ್ ಮಾಡುವಾಗ ಕಂಪನಿಯ ಗುರುತು ಮೂಡುವ ಹೊತ್ತಿಗೇ ಗೆರೆ ಕಾಣಿಸಿಕೊಂಡರೆ, ದೋಷವಿರುವುದು ಪರದೆಯ ಹಾರ್ಡ್‌ವೇರಿನಲ್ಲಿ ಎಂದು ಬಹುಮಟ್ಟಿಗೆ ತಿಳಿಯಬಹುದು. ಅಮೋಲೆಡ್ ಪರದೆಯ (ಪ್ರತಿ ಬಿಂದುವೂ ತಾನೇ ಬೆಳಗುವ ಬಗೆಯ ಪರದೆ) ಸಾಲುಸಾಲು ಬಿಂದುಗಳಿಗೆ ಸಂಕೇತ ಮುಟ್ಟಿಸುವ ಅತಿ ಸೂಕ್ಷ್ಮ ತಂತುಗಳು ಪರದೆಯ ಅಂಚಿನಲ್ಲಿ ಒಂದು ತೆಳ್ಳನೆಯ ಪಟ್ಟಿಯ ಮೂಲಕ ಒಳಗಿನ ಬೋರ್ಡಿಗೆ ಸೇರುತ್ತವೆ. ಆ ಜೋಡಣೆ ಶಾಖದಿಂದಲೋ ಒತ್ತಡದಿಂದಲೋ ತಯಾರಿಕೆಯ ಕೊರತೆಯಿಂದಲೋ ಸಡಿಲಗೊಂಡರೆ ಒಂದು ಸಾಲು ಹತೋಟಿ ತಪ್ಪಿ ಸದಾ ಬೆಳಗುತ್ತಲೇ ಇರುತ್ತದೆ.

ಹಾಗಾದರೆ ಅಪ್‌ಡೇಟ್‌ನ ಪಾತ್ರವೇನು? ಅಪ್‌ಡೇಟ್ ಕೂರುವಾಗ ಪ್ರೊಸೆಸರ್ ಬಹಳ ಹೊತ್ತು ಎಡೆಬಿಡದೆ ದುಡಿಯುವುದರಿಂದ ಮೊಬೈಲ್ ಬಿಸಿಯಾಗುತ್ತದೆ. ಮೊದಲೇ ದುರ್ಬಲವಾಗಿದ್ದ ಜೋಡಣೆ ಆ ಬಿಸಿಗೆ ಕೈಕೊಟ್ಟಿರಬಹುದು, ಆದರೆ ಅದನ್ನು ಸಾಬೀತುಪಡಿಸುವುದು ನಿಮಗೂ ಕಷ್ಟ, ತಜ್ಞರಿಗೂ ಕಷ್ಟ. ಆದ್ದರಿಂದ ನಿಮ್ಮ ದೂರನ್ನು 'ಅಪ್‌ಡೇಟ್ ಕೆಡಿಸಿತು' ಎಂಬ ವಾದದ ಮೇಲೆ ನಿಲ್ಲಿಸಬೇಡಿ ಎಂದೇ ನನ್ನ ಸಲಹೆ. 32,000 ರೂಪಾಯಿಯ ವಸ್ತುವಿನ ಪರದೆ ಪೆಟ್ಟಿಲ್ಲದೆ, ನೀರಿಲ್ಲದೆ ಹದಿನಾಲ್ಕು ತಿಂಗಳಿಗೇ ಹಾಳಾಯಿತೆಂದರೆ ದೋಷ ಮಾರಾಟದ ದಿನವೇ ಒಳಗೆ ಅಡಗಿತ್ತು ಎಂಬ ವಾದ ಹೆಚ್ಚು ಗಟ್ಟಿ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ 'ದೋಷ' ಎಂದರೆ ವಸ್ತುವಿನ ಗುಣಮಟ್ಟದಲ್ಲಿರುವ ಯಾವುದೇ ಕುಂದು ಅಥವಾ ಕೊರತೆ. ವಾರಂಟಿಯ ಅವಧಿಯೊಳಗೆ ಅದು ಹೊರಬಿದ್ದಿರಬೇಕೆಂದು ಆ ವ್ಯಾಖ್ಯೆ ಹೇಳುವುದಿಲ್ಲ. ವಾರಂಟಿ ಮುಗಿದ ಮೇಲೆ ನಿಮ್ಮ ಹಾದಿ ಕಡಿದಾಗುತ್ತದೆ, ಮುಚ್ಚುವುದಿಲ್ಲ.

ಇನ್ನೊಂದು ಅಂಶ ನಿಮ್ಮ ಪರವಾಗಿದೆ. ಈ ಹಸಿರು ಗೆರೆ ಅನೇಕ ಬ್ರ್ಯಾಂಡುಗಳನ್ನು ಕಾಡಿರುವ ಪಿಡುಗು. 2024ರಲ್ಲಿ ಸ್ಯಾಮ್‌ಸಂಗ್ ಭಾರತದಲ್ಲಿ ತನ್ನ ಕೆಲವು ಹಳೆಯ ಗ್ಯಾಲಕ್ಸಿ ಎಸ್ ಮಾದರಿಗಳಿಗೆ ಒಂದು ಬಾರಿ ಉಚಿತವಾಗಿ ಪರದೆ ಬದಲಿಸಿಕೊಡಲು ಒಪ್ಪಿತು. ಒನ್‌ಪ್ಲಸ್ ಇಲ್ಲಿನ ಗ್ರಾಹಕರಿಗೆ ಹಸಿರು ಗೆರೆಯ ಮಟ್ಟಿಗೆ ಜೀವಿತಾವಧಿ ವಾರಂಟಿ ಘೋಷಿಸಿತು. ನಿಮ್ಮದು ಯಾವ ಮಾದರಿಯೆಂದು ನೀವು ಬರೆದಿಲ್ಲ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಇಂಥ ಯೋಜನೆಗಳನ್ನು ತಾವಾಗಿಯೇ ಹೇಳುವವರು ವಿರಳ, ಕೇಳಿದವರಿಗಷ್ಟೇ ಸಿಗುವುದು ಹೆಚ್ಚು. ಆದ್ದರಿಂದ ನಿಮ್ಮ ಮಾದರಿಗೆ ಅಂಥದ್ದೇನಾದರೂ ಇದೆಯೇ ಎಂದು ಕಂಪನಿಯನ್ನು ಇ-ಮೇಲ್ ಮೂಲಕ ಕೇಳಿ, ಉತ್ತರವನ್ನು ಕಾಪಾಡಿಕೊಳ್ಳಿ.

ಈಗ ದೂರಿನ ವಿಚಾರ. ಸರ್ವಿಸ್ ಸೆಂಟರಿನಲ್ಲಿ ಜಾಬ್ ಶೀಟ್ (ಮೊಬೈಲಿನ ಸ್ಥಿತಿ, ದೋಷ ಬರೆದುಕೊಡುವ ಚೀಟಿ) ಪಡೆಯದೆ ಹೊರಬರಬೇಡಿ, ಮತ್ತು ಅದರಲ್ಲಿ 'ಹೊರಗಿನ ಪೆಟ್ಟಿನ ಗುರುತಿಲ್ಲ, ನೀರಿನ ಗುರುತಿಲ್ಲ' ಎಂದು ಬರೆಸಿಕೊಳ್ಳಿ; ನಾಳೆ ಗ್ರಾಹಕ ಆಯೋಗದ ಮುಂದೆ ನಿಮ್ಮ ಅತಿ ದೊಡ್ಡ ಸಾಕ್ಷ್ಯ ಆ ಒಂದು ಸಾಲೇ ಆಗಬಹುದು. ಅಲ್ಲಿಯವರೆಗೆ ಬೇರೆ ಅಂಗಡಿಯಲ್ಲಿ ಅಗ್ಗದ ಡಿಸ್‌ಪ್ಲೇ ಹಾಕಿಸಬೇಡಿ. ಮೊಬೈಲ್ ಒಮ್ಮೆ ಬಿಚ್ಚಿದರೆ 'ಹೊರಗಿನವರು ಕೈ ಹಾಕಿದ್ದಾರೆ' ಎಂದು ಜಾರಿಕೊಳ್ಳುವ ಅವಕಾಶವನ್ನು ನೀವೇ ಕೊಟ್ಟಂತಾಗುತ್ತದೆ. ಬಳಿಕ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲ, ಆದರೂ ಅಲ್ಲಿಂದ ಹೋದ ದೂರಿಗೆ ಕಂಪನಿಗಳು ಕೌಂಟರಿನಲ್ಲಿ ಕೊಡದ ಗಮನ ಕೊಡುವುದುಂಟು.

ಅದೂ ಫಲಿಸದಿದ್ದರೆ ನಿಮ್ಮೂರಿನಲ್ಲಿಯೇ ಇರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ದೂರುದಾರರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿ ದೂರು ಕೊಡಬಹುದೆಂದು ಕಾಯ್ದೆಯ 34ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ದೂರಿನ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕಷ್ಟೆ. ದೋಷವನ್ನು ಪರೀಕ್ಷೆಯಿಲ್ಲದೆ ನಿರ್ಧರಿಸಲಾಗದು ಎನಿಸಿದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು, ಅದರ ವೆಚ್ಚವನ್ನು ಮೊದಲಿಗೆ ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು. ಇಂಥ ದೂರುಗಳು ಐದು ತಿಂಗಳಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುವುದಕ್ಕೆ ಮನಸ್ಸು ಸಿದ್ಧವಿರಲಿ.

ಒಂದು ಎಚ್ಚರಿಕೆ: ನೀವು ಅಂಗಡಿಯವರು. ಮೊಬೈಲನ್ನು 'ವಾಣಿಜ್ಯ ಉದ್ದೇಶ'ಕ್ಕೆ ಕೊಂಡಿದ್ದೀರಿ, ಆದ್ದರಿಂದ ನೀವು ಗ್ರಾಹಕರೇ ಅಲ್ಲ ಎಂಬ ತಕರಾರು ಎದುರು ಪಕ್ಷದಿಂದ ಬರಬಹುದು. ಸ್ವಯಂ ಉದ್ಯೋಗದಿಂದ ಜೀವನ ಸಾಗಿಸುವುದಕ್ಕಾಗಿಯೇ ಕೊಂಡ ವಸ್ತು ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಕಾಯ್ದೆಯೇ ವಿವರಿಸಿದೆ. ಬಿಲ್ಲು ನಿಮ್ಮ ಸ್ವಂತ ಹೆಸರಿನಲ್ಲಿದೆಯೇ, ಅಂಗಡಿಯ ಜಿಎಸ್‌ಟಿ ಸಂಖ್ಯೆಯ ಮೇಲಿದೆಯೇ ಎಂಬುದನ್ನು ಈಗಲೇ ನೋಡಿಕೊಳ್ಳಿ.

ಪ್ರಶ್ನೆ: ಮೂರು ವರ್ಷದ ನನ್ನ ಮೊಬೈಲ್ ಪ್ರತಿ ಅಪ್‌ಡೇಟ್ ಆದ ಮೇಲೂ ಇನ್ನಷ್ಟು ನಿಧಾನವಾಗುತ್ತಿದೆ. ಹೊಸದನ್ನು ಕೊಳ್ಳಲಿ ಎಂದು ಕಂಪನಿಗಳು ಬೇಕೆಂದೇ ಹೀಗೆ ಮಾಡುತ್ತವೆ ಎನ್ನುತ್ತಾರೆ. ನಿಜವೇ?
— ಕಾಲೇಜು ಉಪನ್ಯಾಸಕಿ, ಚಿತ್ರದುರ್ಗ

ಉತ್ತರ: ಈ ಅನುಮಾನ ಹುರುಳಿಲ್ಲದ್ದಲ್ಲ, ಆದರೆ ಜನ ಹೇಳುವಷ್ಟು ಸರಳವೂ ಅಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಹಳತಾದಂತೆ ಅದರ ಒಳಗಿನ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು, ಇನ್ನೂ ಚಾರ್ಜ್ ಇರುವಂತೆಯೇ ಮೊಬೈಲ್ ಆಫ್ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ಆ್ಯಪಲ್ 2017ರ ಜನವರಿಯ ಅಪ್‌ಡೇಟ್‌ನಲ್ಲಿ ಹಳೆಯ ಬ್ಯಾಟರಿಯ ಐಫೋನುಗಳ ಪ್ರೊಸೆಸರ್ ವೇಗಕ್ಕೆ ಕಡಿವಾಣ ಹಾಕಿತು. ಕ್ರಮಕ್ಕೆ ತಾಂತ್ರಿಕ ಕಾರಣವಿತ್ತು. ಆದರೆ ಬಳಕೆದಾರರಿಗೆ ಅದನ್ನು ಸರಿಯಾಗಿ ತಿಳಿಸಲಿಲ್ಲ, ಆ ವರ್ಷದ ಡಿಸೆಂಬರಿನಲ್ಲಿ ಬೇರೆಯವರು ಪರೀಕ್ಷೆ ಮಾಡಿ ಬಯಲಿಗೆಳೆದ ಮೇಲೆ ಒಪ್ಪಿಕೊಂಡಿತು. ಬ್ಯಾಟರಿ ಬದಲಿಸಿದರೆ ಸಾಕು ಎಂದು ತಿಳಿಯದೆ ಹೊಸ ಮೊಬೈಲನ್ನೇ ಕೊಂಡವರಿಗೆ ಆದ ನಷ್ಟ ಅದು. ಫ್ರಾನ್ಸ್ 2020ರಲ್ಲಿ ಇದಕ್ಕಾಗಿ 2.5 ಕೋಟಿ ಯೂರೊ ದಂಡ ವಿಧಿಸಿತು. ಅಮೆರಿಕದಲ್ಲಿ ಗ್ರಾಹಕರಿಗೆ 50 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಬೇಕಾಯಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರವಂತೂ 2018ರಲ್ಲೇ ಅಪ್‌ಡೇಟ್‌ಗಳ ವಿಚಾರದಲ್ಲಿ ಆ್ಯಪಲ್ ಜೊತೆಗೆ ಸ್ಯಾಮ್‌ಸಂಗ್‌ಗೂ ದಂಡ ಹಾಕಿತ್ತು.

2025ರ ಜುಲೈನಲ್ಲಿ ಗೂಗಲ್ ತನ್ನ ಪಿಕ್ಸೆಲ್ 6ಎ ಮೊಬೈಲಿಗೆ ಕಡ್ಡಾಯ ಅಪ್‌ಡೇಟ್ ಕೊಟ್ಟು, ಬ್ಯಾಟರಿ ಅತಿಯಾಗಿ ಬಿಸಿಯಾಗುವ ಅಪಾಯದ ಕಾರಣಕ್ಕೆ, ಆ ಅಪಾಯವಿದ್ದ ಕೆಲವು ಮೊಬೈಲುಗಳಲ್ಲಿ 400 ಚಾರ್ಜ್ ಆವರ್ತನ (ಪೂರ್ತಿ ಒಂದು ಚಾರ್ಜಿನಷ್ಟು ಬಳಕೆ ಒಂದು ಆವರ್ತನ) ದಾಟಿದವುಗಳ ಸಾಮರ್ಥ್ಯವನ್ನೂ ಚಾರ್ಜಿಂಗ್ ವೇಗವನ್ನೂ ತಗ್ಗಿಸಿತು. ಇಲ್ಲಿ ಮುಂಚಿತವಾಗಿ ತಿಳಿಸಲಾಗಿತ್ತು, ಉಚಿತ ಬ್ಯಾಟರಿ ಅಥವಾ ಪರಿಹಾರದ ಆಯ್ಕೆಯೂ ಇತ್ತು. ಮಾರಿದ ಮೇಲೂ ವಸ್ತುವಿನ ಸಾಮರ್ಥ್ಯವನ್ನು ಕಂಪನಿ ದೂರದಿಂದಲೇ ತಗ್ಗಿಸಬಲ್ಲದು ಎಂಬುದು ಎರಡೂ ಪ್ರಕರಣಗಳಲ್ಲಿ ಒಂದೇ. ತಿಳಿಸಿ ಮಾಡಿದರೆ ಅದು ಚರ್ಚೆಯ ವಿಷಯ, ಬಚ್ಚಿಟ್ಟು ಮಾಡಿದರೆ ಅನುಚಿತ ವ್ಯಾಪಾರ ಪದ್ಧತಿ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟವಿದ್ದರೆ ನೋಡಿ. ಅದು ಶೇಕಡಾ 80ಕ್ಕಿಂತ ಕೆಳಗಿದ್ದರೆ ಹೊಸ ಮೊಬೈಲಿನ ಯೋಚನೆಗೆ ಮುಂಚೆ ಬ್ಯಾಟರಿ ಬದಲಿಸಿ ನೋಡುವುದು ಒಳ್ಳೆಯದು. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ, ಬೈಕಿನ ಹ್ಯಾಂಡಲ್‌ಗೆ ಮೊಬೈಲ್ ಸಿಕ್ಕಿಸಿ, ನಕ್ಷೆ ತೆರೆದು, ಚಾರ್ಜಿಂಗ್ ವೈರನ್ನೂ ಚುಚ್ಚಿಕೊಂಡು ಹಿರಿಯೂರಿನವರೆಗೆ ಹೋಗುವ ಅಭ್ಯಾಸವಿದ್ದರೆ ಬ್ಯಾಟರಿ ಬೇಗ ಸೋಲುವುದಕ್ಕೆ ಕಂಪನಿಯನ್ನು ದೂರುವಂತಿಲ್ಲ. ಸಂಗ್ರಹದ ಜಾಗ ತುಂಬಿದ್ದರೂ ಮೊಬೈಲ್ ನಿಧಾನವಾಗುತ್ತದೆ, ಅದನ್ನೂ ಪರಿಶೀಲಿಸಿ.

ಪ್ರಶ್ನೆ: ಚಳ್ಳಕೆರೆಯ ನಮ್ಮ ಪರಿಚಯದ ರಿಪೇರಿ ಅಂಗಡಿಯಲ್ಲಿ ಪರದೆ ಬದಲಿಸಿದ ಮೇಲೆ 'ಇದು ಅಸಲಿ ಬಿಡಿಭಾಗವಲ್ಲ' ಎಂಬ ಅರ್ಥದ ಸೂಚನೆ ಬರುತ್ತಿದೆ. ಇನ್ನೊಂದು ಮೊಬೈಲಿನ ಅಸಲಿ ಪರದೆಯನ್ನೇ ಹಾಕಿದ್ದೇನೆ ಎಂದು ಅಂಗಡಿಯವರು ಆಣೆ ಮಾಡುತ್ತಾರೆ. ಯಾರನ್ನು ನಂಬಲಿ?
— ಓದುಗರು, ಚಳ್ಳಕೆರೆ

ಉತ್ತರ: ಇಬ್ಬರೂ ನಿಜ ಹೇಳುತ್ತಿರಬಹುದು. ಕೆಲವು ಕಂಪನಿಗಳು ಪರದೆ, ಬ್ಯಾಟರಿ, ಕ್ಯಾಮೆರಾಗಳ ಕ್ರಮಸಂಖ್ಯೆಯನ್ನು ಆಯಾ ಮೊಬೈಲಿನ ಬೋರ್ಡಿನೊಂದಿಗೆ ಸಾಫ್ಟ್‌ವೇರ್ ಮೂಲಕ ಬೆಸೆದಿರುತ್ತವೆ. ಬೇರೆ ಮೊಬೈಲಿನಿಂದ ತೆಗೆದ ಅಸಲಿ ಭಾಗವೂ ಆ ಲೆಕ್ಕದಲ್ಲಿ ಅಪರಿಚಿತವೇ. ಬೆರಳಚ್ಚು ಓದುವ ಭಾಗಕ್ಕೆ ಭದ್ರತೆಯ ಕಾರಣ ಕೊಟ್ಟರೆ ಒಪ್ಪಬಹುದು. ಪರದೆಗೆ, ಬ್ಯಾಟರಿಗೆ ಅದೇ ಕಾರಣ ಕೊಟ್ಟರೆ ಊರಿನ ರಿಪೇರಿಯವರ ಕೈ ಕಟ್ಟುವ ಉಪಾಯದಂತೆ ನನಗೆ ಕಾಣುತ್ತದೆ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಇಂಥ ಬೆಸುಗೆಯನ್ನು ನಿರ್ಬಂಧಿಸುವ ಕಾನೂನು ತಂದಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ 'ರಿಪೇರಿಯ ಹಕ್ಕು' ಪೋರ್ಟಲ್ ತೆರೆದಿದೆ. ಕಂಪನಿಗಳ ಸರ್ವಿಸ್ ಸೆಂಟರುಗಳ ಮಾಹಿತಿ ಅಲ್ಲಿ ಸಿಗುತ್ತದೆ, ಆದರೆ ಅದು ಕಂಪನಿಗಳನ್ನು ಕಟ್ಟಿಹಾಕುವ ಕಾನೂನಲ್ಲ. ಸ್ಪರ್ಶ, ಬೆಳಕಿನ ಹೊಂದಾಣಿಕೆ, ಬಣ್ಣ ಎಲ್ಲವೂ ಸರಿಯಿದ್ದರೆ ಸೂಚನೆಯನ್ನು ಕಡೆಗಣಿಸಿ. ಅಂಗಡಿಯವರಿಂದ ಮಾತ್ರ ಬಿಡಿಭಾಗದ ವಿವರ ಮತ್ತು ಎಷ್ಟು ತಿಂಗಳ ಭರವಸೆ ಎಂಬುದಿರುವ ಬಿಲ್ಲು ಪಡೆದುಕೊಳ್ಳಿ. ಪರಿಚಯದವರಾದರೆ ಬಿಲ್ಲು ಕೇಳಲು ಸಂಕೋಚವಾಗುವುದು ಸಹಜ, ಆದರೂ ಕೇಳಿ.

ಪ್ರಶ್ನೆ: ಹೊಸ ಮೊಬೈಲಿನ ಪೆಟ್ಟಿಗೆಯಲ್ಲಿ ಚಾರ್ಜರ್ ಇರಲಿಲ್ಲ. ಇದು ಮೋಸವಲ್ಲವೇ?
— ವಿದ್ಯಾರ್ಥಿ, ಹರಿಹರ

ಉತ್ತರ: ಪೆಟ್ಟಿಗೆಯ ಮೇಲೆ ಅಥವಾ ಮಾರಾಟದ ಪುಟದಲ್ಲಿ ಒಳಗೇನಿದೆ ಎಂದು ನಮೂದಿಸಿದ್ದು, ಅದರಲ್ಲಿ ಚಾರ್ಜರ್ ಹೆಸರಿಲ್ಲದಿದ್ದರೆ ಮೋಸವೆನ್ನಲು ಬರುವುದಿಲ್ಲ, ನಮೂದಿಸಿಯೂ ಕೊಡದಿದ್ದರೆ 1915ಕ್ಕೆ ದೂರು ಕೊಡಿ. ಚಾರ್ಜರ್ ಕೊಳ್ಳುವಾಗ ವ್ಯಾಟ್ ಸಂಖ್ಯೆಯೊಂದನ್ನೇ ನೋಡದೆ, ನಿಮ್ಮ ಮೊಬೈಲ್ ಒಪ್ಪುವ ವೇಗದ ಚಾರ್ಜಿಂಗ್ ಪದ್ಧತಿ ಅದರಲ್ಲಿದೆಯೇ ಎಂದು ಕೇಳಿ, ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಗುರುತು ಇದೆಯೇ ಎಂದು ನೋಡಿ ಕೊಳ್ಳಿ.