ಓದುಗರ ಪ್ರಶ್ನೆ: ರಿಲೇ ಸಮೀಕರಣದಲ್ಲಿ ಗಣಿತ ಎಡವುವುದೆಲ್ಲಿ?

ಪ್ರಶ್ನೆ: ನಮ್ಮ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ 11 ಕೆವಿ ಇನ್‌ಕಮರ್ (ಒಳಬರುವ ಲೈನಿನ) ರಿಲೇಯಲ್ಲಿ (ವಿದ್ಯುತ್ ಅಳೆದು ಅಲಾರಂ ಕೊಡುವ, ಬ್ರೇಕರ್ ತೆರೆಸುವ ಸಾಧನ), ಪವರ್ ಫ್ಯಾಕ್ಟರ್ (ಒಟ್ಟು ಪವರ್‌ನಲ್ಲಿ ನಿಜವಾಗಿ ಕೆಲಸ ಮಾಡುವ ಪಾಲು) 0.85ಕ್ಕಿಂತ ಇಳಿದರೆ ಅಲಾರಂ ಬರಲೆಂದು ಪಿ ÷ √(ಪಿ² + ಕ್ಯೂ²) ಎಂದು ಬರೆದಿದ್ದೇನೆ (ಪಿ ಎಂದರೆ ಕೆಲಸ ಮಾಡುವ ಪವರ್, ಕ್ಯೂ ಎಂದರೆ ರಿಯಾಕ್ಟಿವ್ ಪವರ್). ಬ್ರೇಕರ್ ತೆರೆದರೆ ಗಣಿತದೋಷ ತೋರಿಸುತ್ತದೆ. ರಾತ್ರಿ ಲೋಡ್ ಇಳಿದಾಗ ಅಲಾರಂ ಬಂದು ಬಂದು ಹೋಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ಸೂತ್ರ ತಪ್ಪಲ್ಲ. ಆದರೆ ಬ್ರೇಕರ್ ತೆರೆದ ಕೂಡಲೇ ಪಿ, ಕ್ಯೂ ಎರಡೂ ಸೊನ್ನೆಯಾಗಿ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ನಿಮಗೆ 0.85ಕ್ಕಿಂತ ಕಡಿಮೆಯೋ ಅಲ್ಲವೋ ಎಂಬುದಷ್ಟೇ ಗೊತ್ತಾದರೆ ಸಾಕು. ಅದಕ್ಕೆ ಭಾಗಾಕಾರವೂ ಬೇಡ, ವರ್ಗಮೂಲವೂ ಬೇಡ. ಪವರ್ ಫ್ಯಾಕ್ಟರ್ 0.85 ಇದ್ದಾಗ ವೋಲ್ಟೇಜ್, ಕರೆಂಟ್ ನಡುವಿನ ಕೋನ 31.8 ಡಿಗ್ರಿ, ಅದರ ಟ್ಯಾನ್, ಅಂದರೆ ಕ್ಯೂ ÷ ಪಿ, 0.62. ಹಾಗಾಗಿ |ಕ್ಯೂ| > 0.62 × |ಪಿ| ಎಂದು ಬರೆಯಿರಿ. ಎರಡೂ ಕಡೆ ನಿರಪೇಕ್ಷ ಮೌಲ್ಯದ ಫಂಕ್ಷನ್ ಹಾಕಿದರೆ ಕೆಪಾಸಿಟರ್ ಬ್ಯಾಂಕ್ ಹೆಚ್ಚಾಗಿ ಲೀಡಿಂಗ್ (ಕರೆಂಟ್ ವೋಲ್ಟೇಜಿಗಿಂತ ಮುಂದೆ) ಆದಾಗಲೂ ಅಲಾರಂ ಬರುತ್ತದೆ. ಲ್ಯಾಗಿಂಗ್ (ಕರೆಂಟ್ ಹಿಂದೆ) ಮಾತ್ರ ಬೇಕಿದ್ದರೆ ಕ್ಯೂಗೆ ಹಾಕಿದ ಫಂಕ್ಷನ್ ತೆಗೆಯಿರಿ. ಅದಕ್ಕೂ ಮೊದಲು ನಿಮ್ಮ ರಿಲೇ ಲ್ಯಾಗಿಂಗ್‌ಗೆ ಪ್ಲಸ್ ತೋರಿಸುತ್ತದೋ ಮೈನಸ್ಸೋ, ಮೀಟರಿಂಗ್ ಪರದೆಯಲ್ಲಿ ನೋಡಿಕೊಳ್ಳಿ.

ಇನ್ನು ರಾತ್ರಿಯ ತೊಂದರೆ. ಕಂಪ್ರೆಸರ್ ಮೋಟರ್ ಹಗುರ ಲೋಡಿನಲ್ಲಿ ಓಡಿದರೆ ಪವರ್ ಫ್ಯಾಕ್ಟರ್ ನಿಜಕ್ಕೂ ಬೀಳುತ್ತದೆ, ಗಡಿಯ ಆಚೀಚೆ ತೂಗಾಡುತ್ತದೆ. ಒಂದೇ ಗಡಿ ಇಟ್ಟರೆ ಅಲಾರಂ ನಿಲ್ಲದು. ಕ್ಯೂ ಪಿಯ 0.62 ಪಟ್ಟು ದಾಟಿದಾಗ ಅಲಾರಂ ಏಳಲಿ, 0.57 ಪಟ್ಟಿಗೆ (ಅಂದರೆ ಪವರ್ ಫ್ಯಾಕ್ಟರ್ ಸುಮಾರು 0.87) ಇಳಿದಾಗ ನಿಲ್ಲಲಿ: ‘0.62 ದಾಟಿದೆ, ಅಥವಾ ಈಗಾಗಲೇ ಅಲಾರಂ ಇದೆ ಮತ್ತು 0.57ರ ಮೇಲಿದೆ’. ಇವೆರಡನ್ನೂ ಒಂದು ಆವರಣದೊಳಗಿಟ್ಟು, ಹೊರಗೆ ‘ಮತ್ತು ಕರೆಂಟ್ ಸಿಟಿ ರೇಟಿಂಗಿನ ಶೇ. 10ಕ್ಕಿಂತ ಹೆಚ್ಚಿದೆ’ ಎಂದು ಸೇರಿಸಿ (ಸಿಟಿ ಎಂದರೆ ಲೈನ್ ಕರೆಂಟನ್ನು ರಿಲೇಗೆ ತಕ್ಕಷ್ಟು ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್). ಆವರಣ ಮರೆತರೆ ಕರೆಂಟಿನ ಷರತ್ತು ಅರ್ಧಕ್ಕೆ ಮಾತ್ರ ತಗಲುತ್ತದೆ. ಸಿಟಿ 100/1 ಆದರೆ ಶೇ. 10 ಎಂದರೆ 10 ಆಂಪಿಯರ್, ಸುಮಾರು 190 ಕೆವಿಎ. ಕೊನೆಗೆ 10 ಸೆಕೆಂಡಿನ ಟೈಮರ್ ಇರಲಿ. ಟೈಮರ್ ಸೈಕಲ್‌ಗಳಲ್ಲಿ ಕೇಳಿದರೆ ನಮ್ಮ 50 ಹರ್ಟ್ಜ್‌ಗೆ 500. ಇದನ್ನು ಅಲಾರಂಗೆ ಮಾತ್ರ ಬಳಸಿ, ದಯವಿಟ್ಟು ಟ್ರಿಪ್‌ಗೆ (ಬ್ರೇಕರ್ ತೆರೆಯುವುದಕ್ಕೆ) ಕಟ್ಟಬೇಡಿ.

ಪ್ರಶ್ನೆ: ಪವನ ವಿದ್ಯುತ್ ಲೈನ್ ಮತ್ತು ಬಸ್ (ಲೈನ್‌ಗಳು ಬಂದು ಸೇರುವ ವಾಹಕಪಟ್ಟಿ) ವೋಲ್ಟೇಜ್ ಕೋನಗಳ ಅಂತರ 20 ಡಿಗ್ರಿ ದಾಟಿದರೆ ಸೂಚನೆ ಬೇಕು. ಒಂದು 179, ಇನ್ನೊಂದು −179 ಇದ್ದಾಗ ಅಂತರ 358 ಎಂದು ಬರುತ್ತದೆ.
– ಓದುಗರೊಬ್ಬರು, ಗದಗ

ಉತ್ತರ: ಕಳೆದು ಬಂದದ್ದನ್ನು ನೇರವಾಗಿ ಹೋಲಿಸಬೇಡಿ. ಅಂತರದ ಅರ್ಧಕ್ಕೆ ಸೈನ್ ತೆಗೆದು, ನಿರಪೇಕ್ಷ ಮೌಲ್ಯ 0.174 ದಾಟಿತೇ ನೋಡಿ. ಅದು 10 ಡಿಗ್ರಿಯ ಸೈನ್. 358ರ ಅರ್ಧ 179, ಅದರ ಸೈನ್ 0.017, ಅಂದರೆ ನಿಜವಾದ ಅಂತರ 2 ಡಿಗ್ರಿ. ಕೊಸೈನ್‌ನಿಂದಲೂ ಆಗುತ್ತದೆ, ಆದರೆ ಸಣ್ಣ ಕೋನಗಳಲ್ಲಿ ಅದು ಹೆಚ್ಚು ಅಲುಗಾಡುವುದಿಲ್ಲ: 5 ಡಿಗ್ರಿಗೂ 0.996. ಮೊದಲು ಒಂದು ಖಾಲಿ ವೇರಿಯಬಲ್‌ಗೆ ಸೈನ್ 90 ಬರೆದು ನೋಡಿ. 1 ಬಂದರೆ ನಿಮ್ಮ ರಿಲೇ ಡಿಗ್ರಿಯಲ್ಲಿ ಲೆಕ್ಕ ಹಾಕುತ್ತದೆ, 0.894 ಬಂದರೆ ರೇಡಿಯನ್. ಯಾವುದೇ ಒಂದು ಬದಿಯ ವೋಲ್ಟೇಜ್ ಇಲ್ಲದಾಗ ಕೋನಕ್ಕೆ ಅರ್ಥವಿಲ್ಲ. ಎರಡೂ ವೋಲ್ಟೇಜ್ ಇವೆ ಎಂಬ ಷರತ್ತನ್ನೂ ಜೋಡಿಸಿ.

ಪ್ರಶ್ನೆ: ರಿಲೇ ಸಮೀಕರಣಗಳಲ್ಲಿ ಲೆಕ್ಕದ ಉತ್ತರ ಒಂದು ಹೆಜ್ಜೆ ತಡವಾಗಿ ಬರುತ್ತಿದೆ.
– ವಿದ್ಯಾರ್ಥಿ, ಧಾರವಾಡ

ಉತ್ತರ: ಸಾಲುಗಳ ಕ್ರಮ ನೋಡಿ. ಸಮೀಕರಣಗಳು ಮೇಲಿನಿಂದ ಕೆಳಕ್ಕೆ ನಡೆಯುತ್ತವೆ. 5ನೇ ಸಾಲಿನಲ್ಲಿ ಲೆಕ್ಕ ಹಾಕುವ ಬೆಲೆಯನ್ನು 3ನೇ ಸಾಲಿನಲ್ಲೇ ಬಳಸಿದರೆ ಅಲ್ಲಿ ಸಿಗುವುದು ಹಿಂದಿನ ಸುತ್ತಿನ ಬೆಲೆ. ಲೆಕ್ಕದ ಸಾಲನ್ನು ಮೇಲಕ್ಕೆ ತನ್ನಿ.