ಏರುಮಡಿಯ ತಳಕ್ಕೆ ಜಲ್ಲಿ ಬೇಡ, ಪ್ಲಾಸ್ಟಿಕ್ ಬೇಡ

ತರಕಾರಿಗೆ ಏರುಮಡಿ, ಅಂದರೆ ನೆಲದ ಮೇಲೆ ಚೌಕಟ್ಟು ಇಟ್ಟು ಮಣ್ಣು ತುಂಬಿದ ಎತ್ತರದ ಪಾತಿ, ಮಾಡಲು ಹೊರಟವರಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಉತ್ತರ ಕೊಟ್ಟರೂ ನಿಲ್ಲುವುದಿಲ್ಲ. ಹಾಗಾಗಿ ಈ ಸಲ ಜಾಗದ ದೊಡ್ಡ ಪಾಲು ಅದಕ್ಕೇ. ಬಿಸಿಲಿರುವ ಜಾಗ ಆರಿಸಿ, ನೀರು ಹತ್ತಿರ ಇರಲಿ, ದೊಡ್ಡ ಮರದ ಬುಡದಿಂದ ದೂರ ಇರಿ ಎಂಬುದೆಲ್ಲ ನಿಮಗೆ ಗೊತ್ತಿರುವ ವಿಷಯ. ಅದನ್ನು ಬರೆಯುವುದಿಲ್ಲ.

ಪ್ರಶ್ನೆ: 8 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಏರುಮಡಿ ಮಾಡುತ್ತಿದ್ದೇನೆ. ನಮ್ಮದು ಜೇಡಿ ನೆಲ. ನೀರು ಬಸಿದು ಹೋಗಲಿ ಅಂತ ತಳಕ್ಕೆ 6 ಇಂಚು ಜಲ್ಲಿ, ಅದರ ಮೇಲೆ ಕಳೆ ಬರದಂತೆ ಪ್ಲಾಸ್ಟಿಕ್ ಹಾಳೆ, ಆಮೇಲೆ ಪೂರ್ತಿ ಕಾಂಪೋಸ್ಟ್ ತುಂಬಿಸಬೇಕು ಅಂತಿದ್ದೇನೆ. ಸರಿ ಇದೆಯಾ?

ಇಲ್ಲ. ಮೂರೂ ತಪ್ಪು. ಮೂರರ ಹಿಂದೆ ಇರುವ ತಪ್ಪು ಮಾತ್ರ ಒಂದೇ. ಏರುಮಡಿ ಅಂದರೆ ನೆಲದ ಮೇಲೆ ಇಟ್ಟ ದೊಡ್ಡ ಕುಂಡ ಅಂತ ನೀವು ತಿಳಿದಿದ್ದೀರಿ. ಅದು ಕುಂಡ ಅಲ್ಲ. ಅದು ನಿಮ್ಮ ನೆಲವೇ, ಸ್ವಲ್ಪ ಎತ್ತರಕ್ಕೆ ಬಂದಿದೆ ಅಷ್ಟೇ. ಬೇರು ಚೌಕಟ್ಟಿನ ಎತ್ತರ ಮುಗಿದ ಕೂಡಲೇ ನಿಲ್ಲುವುದಿಲ್ಲ, ದಾರಿ ಸಿಕ್ಕರೆ ಕೆಳಗಿನ ಮಣ್ಣಿಗೂ ಇಳಿಯುತ್ತದೆ. ಆ ದಾರಿ ಮುಚ್ಚುವ ಯಾವ ಪದರವೂ ಗಿಡಕ್ಕೆ ನಷ್ಟ.

ಮೊದಲು ಜಲ್ಲಿಯ ವಿಷಯ. ಮಣ್ಣಿನ ಕಣಗಳ ನಡುವಿನ ಸಂದುಗಳು ಬಹಳ ಸಣ್ಣವು. ಆ ಸಣ್ಣ ಸಂದುಗಳು ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಜಲ್ಲಿಯ ಸಂದುಗಳು ದೊಡ್ಡವು, ಅವಕ್ಕೆ ನೀರನ್ನು ಎಳೆಯುವ ಶಕ್ತಿ ಇಲ್ಲ. ಹಾಗಾಗಿ ಮೇಲಿನಿಂದ ಇಳಿದ ನೀರು ಜಲ್ಲಿ ಶುರುವಾಗುವ ಗಡಿಯಲ್ಲಿ ನಿಲ್ಲುತ್ತದೆ. ಆ ಗಡಿಯ ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲಷ್ಟೇ ಹನಿ ಹನಿಯಾಗಿ ಕೆಳಗೆ ಬೀಳುತ್ತದೆ. ಅಂದರೆ ಜಲ್ಲಿ ನೀರನ್ನು ಬೇಗ ಕೆಳಗೆ ಕಳಿಸುವುದಿಲ್ಲ, ಬೇರಿನ ಹತ್ತಿರ ತಡೆದು ನಿಲ್ಲಿಸುತ್ತದೆ. ಇದು ಹೊಸ ಸಂಗತಿಯೂ ಅಲ್ಲ. ಅಮೆರಿಕದ ಮಣ್ಣು ವಿಜ್ಞಾನಿ ವಾಲ್ಟರ್ ಗಾರ್ಡ್ನರ್ 1950ರ ದಶಕದಲ್ಲೇ ಬೇರೆ ಬೇರೆ ಮಣ್ಣಿನ ಪದರಗಳಲ್ಲಿ ನೀರು ಹೇಗೆ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಚಿತ್ರೀಕರಿಸಿ ತೋರಿಸಿದ್ದರು. ಆದರೂ ಇವತ್ತಿಗೂ ಜಲ್ಲಿ ಮಾರುವವರು ಮಾರುತ್ತಲೇ ಇದ್ದಾರೆ, ತೋಟದ ಸಲಹೆ ಕೊಡುವವರು ಕೊಡುತ್ತಲೇ ಇದ್ದಾರೆ.

ನಂಬಿಕೆ ಬರದಿದ್ದರೆ ಅಡುಗೆಮನೆಯಲ್ಲೇ ನೋಡಿ. ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಪೂರ್ತಿ ನೆನೆಸಿ, ಅಡ್ಡಡ್ಡ ಮಲಗಿಸಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲಲಿ. ಈಗ ಅದೇ ಸ್ಪಂಜನ್ನು ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ. ಎತ್ತರ ಜಾಸ್ತಿ ಆದಷ್ಟೂ ನೀರು ಚೆನ್ನಾಗಿ ಬಸಿಯುತ್ತದೆ. ನೀವು 18 ಇಂಚಿನ ಮಡಿಗೆ 6 ಇಂಚು ಜಲ್ಲಿ ತುಂಬಿ ಮಣ್ಣಿನ ಎತ್ತರವನ್ನು 12 ಇಂಚಿಗೆ ಇಳಿಸಿದರೆ, ಆ 12 ಇಂಚಿನಲ್ಲೂ ತಳದ ಕೆಲವು ಇಂಚು ಸದಾ ಕೆಸರಾಗಿಯೇ ಉಳಿಯುತ್ತದೆ. ಗಾಳಿ ಸಿಗದ ಬೇರು ಅಲ್ಲೇ ಕೊಳೆಯುತ್ತದೆ. ಇನ್ನು ಆ ಜಲ್ಲಿಯ ಕೆಳಗೆ ಇರುವುದು ಜೇಡಿ. ಜಲ್ಲಿಗೆ ಇಳಿದ ನೀರಾದರೂ ಎಲ್ಲಿಗೆ ಹೋಗಬೇಕು? ನೀವು ದುಡ್ಡು ಕೊಟ್ಟು ಗಿಡದ ಕೆಳಗೆ ತೊಟ್ಟಿ ಕಟ್ಟಿಸಿದಂತೆ.

ಜೇಡಿ ನೆಲಕ್ಕೆ ಮದ್ದು ಬೇರೆ ಇದೆ. ಚೌಕಟ್ಟು ಇಡುವ ಮೊದಲು ಆ ಜಾಗದ ನೆಲವನ್ನು 6ರಿಂದ 8 ಇಂಚು ಆಳಕ್ಕೆ ಸಡಿಲ ಮಾಡಿ. ಹಸಿ ಇರುವಾಗ ಮುಟ್ಟಬೇಡಿ. ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಹೆಬ್ಬೆರಳಿಂದ ಒತ್ತಿ. ಪುಡಿಯಾದರೆ ಅಗೆಯಬಹುದು. ಅಂಟಿಕೊಂಡು ಚಪ್ಪಟೆಯಾದರೆ ಕಾಯಬೇಕು, ಇಲ್ಲದಿದ್ದರೆ ಒಣಗಿದ ಮೇಲೆ ಕಲ್ಲಿನಂಥ ಹೆಂಟೆಗಳು ಸಿಗುತ್ತವೆ. ಸಡಿಲ ಮಾಡಿದ ಮೇಲೆ, ತುಂಬುವ ಮಣ್ಣಿನಲ್ಲಿ ಮೊದಲ ಮೂರು ನಾಲ್ಕು ಇಂಚನ್ನು ಕೆಳಗಿನ ಮಣ್ಣಿನ ಜೊತೆ ಬೆರೆಸಿ. ಮೇಲಿನ ಮಣ್ಣು ಒಂದು ರೀತಿ, ಕೆಳಗಿನದು ಇನ್ನೊಂದು ರೀತಿ ಅಂತ ಗೆರೆ ಎಳೆದ ಹಾಗೆ ಇರಬಾರದು. ಗಡಿ ಇದ್ದಲ್ಲಿ ನೀರು ನಿಲ್ಲುತ್ತದೆ.

ಪ್ಲಾಸ್ಟಿಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೇರು ಇಳಿಯುವುದಿಲ್ಲ, ಎರೆಹುಳ ಮೇಲೆ ಬರುವುದಿಲ್ಲ, ನೀರು ಹೋಗುವುದಿಲ್ಲ. ಸಾಧಾರಣ ಹುಲ್ಲು ಅಡಗಿಸಲು ರಟ್ಟು ಸಾಕು. ಅಂಟುಪಟ್ಟಿ, ಪಿನ್ನು ಕಿತ್ತು, ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ, ಚೆನ್ನಾಗಿ ನೆನೆಸಿ, ಮೇಲೆ ಮಣ್ಣು ಹಾಕಿ. ಕೆಲವು ತಿಂಗಳಲ್ಲಿ ಅದು ಕರಗಿ ಹೋಗುತ್ತದೆ. ರಟ್ಟು ಹಾಸುವುದಾದರೆ ಕೆಳಗಿನ ಮಣ್ಣಿನ ಜೊತೆ ಬೆರೆಸುವ ಕೆಲಸವನ್ನು ಅದಕ್ಕೆ ಮೊದಲೇ ಮುಗಿಸಿ. ಆದರೆ ಜೇಕು, ಗರಿಕೆ ಇರುವ ಜಾಗದಲ್ಲಿ ರಟ್ಟನ್ನು ನಂಬಬೇಡಿ. ಜೇಕಿನ ಮೊಳಕೆ ಪ್ಲಾಸ್ಟಿಕ್ ಹಾಳೆಯನ್ನೇ ತೂತು ಮಾಡಿಕೊಂಡು ಬರುತ್ತದೆ. ಗಡ್ಡೆಗಳನ್ನು ಅಗೆದು ಆರಿಸಿ ತೆಗೆಯುವವರೆಗೂ ಮಡಿ ಕಟ್ಟಲೇಬೇಡಿ. ಆಮೇಲೆ ಅದು ನಿಮ್ಮ ಕೈಗೆ ಸಿಗುವುದಿಲ್ಲ.

ಇನ್ನು ಪೂರ್ತಿ ಕಾಂಪೋಸ್ಟ್. ಕಾಂಪೋಸ್ಟ್ ಒಳ್ಳೆಯದು ಅಂದಮೇಲೆ ಅದನ್ನೇ ತುಂಬಿಸಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಅದು ಕೊಳೆಯುತ್ತಾ ಕುಗ್ಗುತ್ತದೆ, ಮಡಿ ವರ್ಷ ವರ್ಷ ಇಳಿಯುತ್ತದೆ. ಅದರಲ್ಲಿ ಲವಣ ಜಾಸ್ತಿ ಇದ್ದರೆ ಎಳೆ ಸಸಿಗಳ ಎಲೆಯ ಅಂಚು ಸುಡುತ್ತದೆ. ಎಲ್ಲಕ್ಕಿಂತ ನನ್ನನ್ನು ಕಾಡುವುದು ರಂಜಕ. ಗಿಡಕ್ಕೆ ಸಾರಜನಕ ಬಹಳ ಬೇಕು, ರಂಜಕ ಸ್ವಲ್ಪ ಸಾಕು. ಕಾಂಪೋಸ್ಟಿನಲ್ಲಿ, ಅದರಲ್ಲೂ ಸಗಣಿಯಿಂದ ಮಾಡಿದ್ದರಲ್ಲಿ, ಗಿಡಕ್ಕೆ ಬೇಕಾದ ಅಳತೆಗಿಂತ ರಂಜಕವೇ ಜಾಸ್ತಿ ಇರುತ್ತದೆ. ಸಾರಜನಕ ಮುಗಿಯುತ್ತದೆ, ರಂಜಕ ಮಣ್ಣಲ್ಲೇ ಕೂಡಿಕೊಳ್ಳುತ್ತದೆ. ಅದು ಅತಿಯಾದಾಗ ಗಿಡ ಕಬ್ಬಿಣ, ಸತು ಎಳೆದುಕೊಳ್ಳಲು ಒದ್ದಾಡುತ್ತದೆ, ಎಲೆ ಹಳದಿಯಾಗುತ್ತದೆ. ಗೊಬ್ಬರ ಕಡಿಮೆಯಾಯಿತು ಅಂತ ನೀವು ಮತ್ತೆ ಕಾಂಪೋಸ್ಟ್ ಸುರಿಯುತ್ತೀರಿ. ಕೂಡಿಕೊಂಡ ರಂಜಕವನ್ನು ತೆಗೆಯುವ ಔಷಧಿ ಯಾವುದೂ ಇಲ್ಲ. ವರ್ಷಗಟ್ಟಲೆ ಬೆಳೆ ತೆಗೆದು ತೆಗೆದು ಅದನ್ನು ಇಳಿಸಬೇಕು.

ಎರಡು ಪಾಲು ಒಳ್ಳೆಯ ಮೇಲ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್. ಅಷ್ಟೇ. ನಿಮ್ಮ ಮಡಿಯ ಎತ್ತರವನ್ನೂ ಒಂದು ಅಡಿಗೆ ಇಳಿಸಿ, ಕೆಳಗಿನ ನೆಲ ಸಡಿಲವಾಗಿದ್ದರೆ ಅದು ಧಾರಾಳ. 8 ಅಡಿ, 4 ಅಡಿ, 1 ಅಡಿ ಅಂದರೆ 32 ಘನ ಅಡಿ, ಹತ್ತಿರ ಹತ್ತಿರ 900 ಲೀಟರ್. ಅದರಲ್ಲಿ ಮಣ್ಣು 600 ಲೀಟರ್, ಕಾಂಪೋಸ್ಟ್ 300. ತುಂಬಿದ ಮೇಲೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ಏರಿಸಿಯೇ ತುಂಬಿ. ಮುಂದಿನ ವರ್ಷಗಳಲ್ಲಿ ಮೇಲೆ ಅರ್ಧ ಇಂಚು ಕಾಂಪೋಸ್ಟ್ ಹರಡಿದರೆ ಸಾಕು. ಇಷ್ಟು ಜಾಗಕ್ಕೆ ಅದು 40 ಲೀಟರಿಗೂ ಕಡಿಮೆ.

ಬಗ್ಗಲು ಆಗದವರಿಗೆ ಎರಡು ಅಡಿ ಎತ್ತರ ಬೇಕಾಗುತ್ತದೆ, ಅದು ಬೇರೆ ವಿಷಯ. ಅವರು ಕೆಳಗಿನ ಅರ್ಧಕ್ಕೆ ಬರಿಯ ಮಣ್ಣು ಹಾಕಲಿ. ಮರದ ದಿಮ್ಮಿ, ರೆಂಬೆ ತುಂಬಿ ಮಣ್ಣು ಉಳಿಸಿ ಅಂತ ಹೇಳುವವರಿದ್ದಾರೆ. ದಿಮ್ಮಿ ಕೊಳೆತಂತೆ ಮಡಿ ಓರೆಕೋರೆಯಾಗಿ ಕುಸಿಯುತ್ತದೆ. ಕೊಳೆಯುವಾಗ ಸುತ್ತಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ತರಕಾರಿ ಮಡಿಗೆ ಅದು ನನಗೆ ಒಪ್ಪಿಗೆಯಿಲ್ಲ.

ಹೊರಗಿನಿಂದ ಗೊಬ್ಬರ ತರುವವರಿಗೆ ಒಂದು ಎಚ್ಚರಿಕೆ. ಇದರಲ್ಲಿ ನಾನು ಅತಿ ಜಾಗ್ರತೆ ಅಂತ ಕೆಲವರಿಗೆ ಅನಿಸಬಹುದು, ಆಗಲಿ. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್ ಅನ್ನುವ ಕಳೆನಾಶಕಗಳನ್ನು ಹುಲ್ಲಿಗೆ ಹೊಡೆದು, ಆ ಹುಲ್ಲನ್ನು ದನ ತಿಂದರೆ, ವಿಷ ಸಗಣಿಯಲ್ಲೂ ಉಳಿಯುತ್ತದೆ. ಕಾಂಪೋಸ್ಟ್ ಮಾಡಿದರೂ ಬೇಗ ಹೋಗುವುದಿಲ್ಲ. 2008ರಲ್ಲಿ ಬ್ರಿಟನ್ನಿನಲ್ಲಿ ಮನೆ ತೋಟಗಳ ಟೊಮೆಟೊ, ಬೀನ್ಸ್, ಆಲೂಗಡ್ಡೆ ಹೀಗೇ ಹಾಳಾಗಿ, ಅಮಿನೋಪೈರಾಲಿಡ್ ಮಾರಾಟವನ್ನು ಕೆಲ ಕಾಲ ತಡೆಹಿಡಿದಿದ್ದರು. ಪರೀಕ್ಷೆ ಸುಲಭ. ತಂದ ಗೊಬ್ಬರಕ್ಕೆ ಅಷ್ಟೇ ಮಣ್ಣು ಬೆರೆಸಿ ಎರಡು ಮೂರು ಕುಂಡದಲ್ಲಿ ಬೀನ್ಸ್ ಬಿತ್ತಿ. ಇನ್ನೆರಡು ಕುಂಡದಲ್ಲಿ ಗೊಬ್ಬರ ಇಲ್ಲದ ಮಣ್ಣಲ್ಲಿ ಬಿತ್ತಿ. ಒಂದರ ನೀರು ಇನ್ನೊಂದಕ್ಕೆ ಹರಿಯದಿರಲಿ. ಮೂರು ವಾರ ನೋಡಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಬಟ್ಟಲಿನ ಹಾಗೆ ಮಡಚಿ, ತುದಿ ತಿರುಚಿಕೊಂಡರೆ ಆ ಗೊಬ್ಬರವನ್ನು ಮಡಿಗೆ ಹಾಕಬೇಡಿ. ಮೂರು ವಾರ ಕಾಯಲು ಆಗದವರು ಎರಡು ಮೂರು ಬೆಳೆ ಕಳೆದುಕೊಳ್ಳಲು ಸಿದ್ಧರಿರಬೇಕು.

ಕೊನೆಗೆ, ನಿಮಗೆ ಏರುಮಡಿ ಬೇಕೇ ಬೇಕಾ ಅನ್ನುವುದನ್ನು ಮೊದಲು ನೋಡಿ. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿ, ಈಗ ಒಂದು ಗಂಟೆಗೆ ಎಷ್ಟು ಇಂಚು ಇಳಿಯಿತು ಅಂತ ಅಳೆಯಿರಿ. ಒಂದು ಇಂಚಿಗಿಂತ ಕಡಿಮೆ ಆದರೆ ಏರುಮಡಿ ಮಾಡಿ. ಒಂದರಿಂದ ಮೂರು ಇಂಚು ಆದರೆ ನೆಲದಲ್ಲೇ ಚೆನ್ನಾಗಿ ಬೆಳೆಯುತ್ತದೆ, ಏರುಮಡಿ ನಿಮ್ಮ ಅನುಕೂಲಕ್ಕೆ ಮಾತ್ರ. ನಾಲ್ಕು ಇಂಚು ದಾಟಿದರೆ ಅದು ಬೇಗ ಒಣಗುವ ನೆಲ, ಏರಿಸಿದರೆ ಇನ್ನೂ ಬೇಗ ಒಣಗುತ್ತದೆ. ಒಣ ನಾಡುಗಳಲ್ಲಿ ಮಡಿಯನ್ನು ಏರಿಸುವುದಲ್ಲ, ತಗ್ಗಿಸುವುದು ಜಾಣತನ. ಅಮೆರಿಕದ ನ್ಯೂ ಮೆಕ್ಸಿಕೋದ ಮೂಲನಿವಾಸಿಗಳಾದ ಜೂನಿ ಜನರು ಸುತ್ತ ಮಣ್ಣಿನ ಬದು ಕಟ್ಟಿದ ಸಣ್ಣ ಸಣ್ಣ ತಗ್ಗು ಪಾತಿಗಳಲ್ಲೇ ತರಕಾರಿ ಬೆಳೆದವರು, ಬಿದ್ದ ನೀರು ಬೇರಿನ ಹತ್ತಿರವೇ ಉಳಿಯಲಿ ಅಂತ. ಪಟದಲ್ಲಿ ಏರುಮಡಿ ಚೆಂದ ಕಾಣುತ್ತದೆ ಅನ್ನುವುದು ಕಾರಣ ಅಲ್ಲ.

ಪ್ರಶ್ನೆ: ಹಳೆಯ ರೈಲ್ವೆ ಸ್ಲೀಪರ್ ಸಿಕ್ಕಿವೆ. ಚೌಕಟ್ಟಿಗೆ ಬಳಸಬಹುದಾ?

ಬೇಡ. ಹಳೆಯ ಮರದ ಸ್ಲೀಪರ್‌ಗಳನ್ನು ಕ್ರಿಯೋಸೋಟ್‌ನಲ್ಲಿ, ಅಂದರೆ ಮರ ಕೊಳೆಯದಿರಲಿ ಅಂತ ಬಳಸುವ ವಿಷಕಾರಿ ಡಾಂಬರಿನ ಎಣ್ಣೆಯಲ್ಲಿ, ನೆನೆಸಿರುತ್ತಾರೆ. ತಿನ್ನುವ ಬೆಳೆಯ ಹತ್ತಿರ ಅದು ಬರಬಾರದು. ಹಳೆಯ ಟೈರೂ ಬೇಡ.

ಪ್ರಶ್ನೆ: ಜೇಡಿಮಣ್ಣಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಸಡಿಲ ಆಗುತ್ತದಾ?

ಇಲ್ಲ, ಗಟ್ಟಿಯಾಗುತ್ತದೆ. ಮರಳಿನಿಂದ ಫಲ ಕಾಣಬೇಕಾದರೆ ಅರ್ಧಕ್ಕಿಂತ ಜಾಸ್ತಿ ಮರಳೇ ಇರಬೇಕು. ಕಾಂಪೋಸ್ಟ್ ಬೆರೆಸಿ.

ಪ್ರಶ್ನೆ: ಮಡಿ ಐದು ಅಡಿ ಅಗಲ ಇರಲಿ ಅಂತಿದ್ದೇನೆ.

ನಡುವಿನ ಕಳೆ ಕೀಳಲು ಮಡಿ ಮೇಲೆ ಹತ್ತುತ್ತೀರಿ, ಅಲ್ಲಿಗೆ ಮಡಿ ಕೆಟ್ಟಿತು. ಎರಡೂ ಕಡೆ ದಾರಿ ಇದ್ದರೆ ನಾಲ್ಕು ಅಡಿ, ಗೋಡೆಗೆ ಒರಗಿದ್ದರೆ ಎರಡು.

ಪ್ರಶ್ನೆ: ಟೊಮೆಟೊ ತಳ ಕಪ್ಪಾಗುತ್ತಿದೆ. ಎಪ್ಸಮ್ ಸಾಲ್ಟ್ ಹಾಕಿ ಅಂದರು. ಎಷ್ಟು ಚಮಚ?

ಒಂದು ಚಮಚವೂ ಬೇಡ! ಹಣ್ಣಿಗೆ ಸುಣ್ಣದ ಅಂಶ (ಕ್ಯಾಲ್ಸಿಯಂ) ತಲುಪದೆ ಹಾಗಾಗುತ್ತದೆ. ಬಹುಪಾಲು ಸಲ ಮಣ್ಣಲ್ಲಿ ಸುಣ್ಣ ಇರುತ್ತದೆ, ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಅಂತಾದಾಗ ಗಿಡಕ್ಕೆ ಅದನ್ನು ಎಳೆಯಲು ಆಗುವುದಿಲ್ಲ. ಎಪ್ಸಮ್ ಸಾಲ್ಟ್‌ನಲ್ಲಿ ಇರುವುದು ಮೆಗ್ನೀಸಿಯಂ, ಅದು ಸುಣ್ಣಕ್ಕೆ ಇನ್ನಷ್ಟು ಅಡ್ಡ ಬರುತ್ತದೆ. ಒಂದೇ ಸಮ ನೀರು ಕೊಡಿ, ಒಣ ಹುಲ್ಲು ಹೊದಿಸಿ. ಈ ಸಲಹೆ ಕೊಟ್ಟವರ ಹತ್ತಿರ ಬೇರೇನೂ ಕೇಳಬೇಡಿ.

ಪ್ರಶ್ನೆ: ಮಣ್ಣಿಗೆ ಜೀವ ತುಂಬುತ್ತದೆ ಅಂತ ಒಂದು ಬಾಟಲಿ ದ್ರಾವಣ ಮಾರುತ್ತಿದ್ದಾರೆ. ಹೊಸ ಮಡಿಗೆ ಬೇಕಾ?

ಬೇಡ. ಕಳಿತ ಕಾಂಪೋಸ್ಟಿನಲ್ಲೇ ಸೂಕ್ಷ್ಮಜೀವಿಗಳು ತುಂಬಿವೆ. ಆ ದುಡ್ಡಲ್ಲಿ ಮಣ್ಣು ಪರೀಕ್ಷೆ ಮಾಡಿಸಿ.

ಪ್ರಶ್ನೆ: ತಾರಸಿ ಮೇಲೆ ಒಂದು ಅಡಿ ಆಳದ ಮಡಿ ಕಟ್ಟಬಹುದಾ? ಪಕ್ಕದ ಮನೆಯವರು ಕಟ್ಟಿದ್ದಾರೆ, ಏನೂ ಆಗಿಲ್ಲ.

ನೀರು ಕುಡಿದ ಮಣ್ಣು ಒಂದು ಅಡಿ ಆಳಕ್ಕೆ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಮನೆಯ ತಾರಸಿಯನ್ನು ಸಾಮಾನ್ಯವಾಗಿ ಜನ, ಸಾಮಾನು ಎಲ್ಲ ಸೇರಿ ಚದರ ಮೀಟರಿಗೆ 150ರಿಂದ 200 ಕಿಲೋ ತಡೆಯಲಿ ಅಂತ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಪಕ್ಕದ ಮನೆಯವರ ತಾರಸಿ ಇನ್ನೂ ನಿಂತಿದೆ ಅನ್ನುವುದು ನಿಮ್ಮ ತಾರಸಿಗೆ ಲೆಕ್ಕ ಆಗುವುದಿಲ್ಲ. ಇದಕ್ಕೆ ಹೌದು ಅನ್ನುವ ಅಧಿಕಾರ ನನಗೂ ಇಲ್ಲ, ಗಿಡ ಮಾರುವವರಿಗೂ ಇಲ್ಲ. ಮನೆಯ ನಕ್ಷೆ ಹಿಡಿದು ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಹೋಗಿ. ಎಷ್ಟು ಭಾರ ಇಡಬಹುದು ಅಂತ ಅವರು ಬರೆದು ಕೊಟ್ಟ ಮೇಲೆ, ಅಷ್ಟರಲ್ಲಿ ಏನು ಬೆಳೆಯಬಹುದು ಅಂತ ನಾನು ಹೇಳುತ್ತೇನೆ.